ಮಣ್ಣಿನ ಖರ್ಚಿನ ವಿಮೆ: ಹಳೆಯ ಪಾಲಿಸಿ ಬಿಡಿಸಿ ಹೊಸದು ಕೊಳ್ಳುವ ವಿಚಾರ

ಶವಸಂಸ್ಕಾರ, ದಿನಕರ್ಮ, ಉಳಿದುಹೋದ ಆಸ್ಪತ್ರೆಯ ಬಿಲ್ಲು, ಕೈಗಡ ಇವನ್ನು ತೀರಿಸಲೆಂದು ಮಾಡಿಸುವ ಸಣ್ಣ ಮೊತ್ತದ ಜೀವವಿಮೆಗೆ ಅಂತ್ಯವೆಚ್ಚದ ವಿಮೆ ಎಂದು ಹೆಸರು. ಅಮೆರಿಕ, ದಕ್ಷಿಣ ಆಫ್ರಿಕಾಗಳಲ್ಲಿ ಇದು ಬೇರೆಯಾಗಿಯೇ ಮಾರಾಟವಾಗುತ್ತದೆ. ಕರ್ನಾಟಕದಲ್ಲಿ ಆ ಹೆಸರು ಬಳಕೆಯಲ್ಲಿಲ್ಲ, ಆದರೆ ಆ ಕೆಲಸ ಮಾಡುವ ಪಾಲಿಸಿ ಮನೆಮನೆಯಲ್ಲಿದೆ. ಯಾದಗಿರಿ ಜಿಲ್ಲೆಯಲ್ಲಿ ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಂಥ ಊರುಗಳಲ್ಲಿ ಟ್ರಂಕಿನ ತಳದಲ್ಲಿ ಮಡಚಿಟ್ಟ 50 ಸಾವಿರದ, ಒಂದು ಲಕ್ಷದ ಎಲ್‌ಐಸಿ ಬಾಂಡೇ ಮಣ್ಣಿನ ಖರ್ಚಿನ ವಿಮೆ. ಮಗಳ ಮದುವೆಗೆಂದು, ಮಗನ ಓದಿಗೆಂದು ತುಂಬತೊಡಗಿದ ಕಂತು ಕೊನೆಗೆ ಎಷ್ಟೋ ಮನೆಗಳಲ್ಲಿ ಯಜಮಾನನ ಸಾವಿನ ಸಾಲ ತೀರಿಸಲು ಬಳಕೆಯಾಗುತ್ತದೆ. ಇಂಥ ಪಾಲಿಸಿಯನ್ನು ಮುರಿಸಿ ಹೊಸದನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ

ಸಾವಿನ ಖರ್ಚಿಗೆ ಮುಂಚಿತವಾಗಿ ಹಣ ಕೂಡಿಡುವ ಪದ್ಧತಿ ವಿಮಾ ಕಂಪನಿಗಳಿಗಿಂತ ಬಹಳ ಹಳೆಯದು. ರೋಮ್ ಸಾಮ್ರಾಜ್ಯದ ಲಾನುವಿಯಂ ಪಟ್ಟಣದಲ್ಲಿ ಸಿಕ್ಕ ಕ್ರಿ.ಶ. 136ರ ಶಾಸನವೊಂದು ಅಂಥ ಸಂಘದ ನಿಯಮಗಳನ್ನು ಹೇಳುತ್ತದೆ. ಸೇರುವಾಗ 100 ಸೆಸ್ಟರ್ಸ್ ಮತ್ತು ಒಂದು ಕೊಡ ಒಳ್ಳೆಯ ದ್ರಾಕ್ಷಾರಸ, ಆಮೇಲೆ ತಿಂಗಳು ತಿಂಗಳು ವಂತಿಗೆ, ಸತ್ತಾಗ ಸಂಸ್ಕಾರಕ್ಕೆ 300 ಸೆಸ್ಟರ್ಸ್. ಸತತವಾಗಿ ಆರು ತಿಂಗಳು ವಂತಿಗೆ ಕೊಡದವನ ಸಂಸ್ಕಾರಕ್ಕೆ ಸಂಘ ಹೊಣೆಯಲ್ಲ. ಕಂತು ತಪ್ಪಿದ ಪಾಲಿಸಿ ಬಂದ್ ಬೀಳುವುದು ಇಂದಿನ ರಗಳೆಯಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಪ್ರುಡೆನ್ಶಿಯಲ್ ಕಂಪನಿ 1854ರಿಂದ ಕಾರ್ಮಿಕರ ಮನೆಬಾಗಿಲಿಗೆ ಹೋಗಿ ವಾರಕ್ಕೊಂದು ಪೆನ್ನಿಯಂತೆ ಕಂತು ಎತ್ತಿತು. ಭಿಕಾರಿಯಂತೆ ಹೂಳಿಸಿಕೊಳ್ಳಬಾರದು ಎಂಬ ಬಡವರ ಮಾನದ ಪ್ರಶ್ನೆಯೇ ಆ ವ್ಯಾಪಾರದ ಬುನಾದಿ.

ನಮ್ಮಲ್ಲಿ ಸರ್ಕಾರ ನಡೆಸುವ ವಿಮೆ ಮೊದಲು ಬಂದದ್ದು ಸರ್ಕಾರಿ ನೌಕರರಿಗೆ. ಅಂಚೆ ಜೀವವಿಮೆ ಶುರುವಾದದ್ದು 1884ರ ಫೆಬ್ರುವರಿ 1ರಂದು, ಮೈಸೂರು ಸಂಸ್ಥಾನದ ಸರ್ಕಾರಿ ವಿಮೆ 1891ರಲ್ಲಿ. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅದೇ. ಸುರಪುರ ಸೀಮೆ ಆಗ ನಿಜಾಮರ ಆಡಳಿತದಲ್ಲಿತ್ತು. ಭಾರತೀಯ ಜೀವವಿಮಾ ನಿಗಮ (ಎಲ್‌ಐಸಿ) ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು, ಈ ಸೀಮೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡ ರಾಜ್ಯಕ್ಕೆ ಸೇರಿದ್ದು ನವೆಂಬರ್ 1ರಂದು. 154 ದೇಶೀ ಕಂಪನಿ, 16 ವಿದೇಶಿ ಕಂಪನಿ ಮತ್ತು 75 ಪ್ರಾವಿಡೆಂಟ್ ಸೊಸೈಟಿಗಳು ನಿಗಮದಲ್ಲಿ ವಿಲೀನವಾದವು. ಬಡವರ ಸಣ್ಣ ಮೊತ್ತದ ವಿಮೆ ನಡೆಸುತ್ತಿದ್ದವು ಈ ಸೊಸೈಟಿಗಳೇ. ಅವುಗಳ ಪಾಲಿಸಿಗಳನ್ನು ನಿಗಮ ಮುಂದುವರಿಸಿತು. ಹಳೆಯ ಕರಾರು ಹೊಸ ಕೈಗೆ ಹೋದರೂ ಅಳಿಯಲಿಲ್ಲ. ಕಂಪನಿಯ ಹೆಸರು ಬದಲಾಯಿತು, ನಿಮ್ಮ ಪಾಲಿಸಿ ಇನ್ನು ನಡೆಯುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಈ ಇತಿಹಾಸ ನೆನಪಿರಬೇಕು.

ಊರಿನಲ್ಲಿ ಏನೇನಿದೆ

ಹೊಸದನ್ನು ಕೊಳ್ಳುವ ಮೊದಲು ಕೈಯಲ್ಲಿರುವುದನ್ನು ಎಣಿಸಬೇಕು. ಸುರಪುರ, ಶಹಾಪುರ ತಾಲ್ಲೂಕುಗಳ ಮನೆಯೊಂದರಲ್ಲಿ ಸಾವಿನ ನಂತರ ಹಣ ಬರಬಹುದಾದ ದಾರಿಗಳು ಮನೆಯವರು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತವೆ.

2015ರ ಮೇ 9ರಂದು ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯಲ್ಲಿ ಯಾವ ಕಾರಣದಿಂದ ಸತ್ತರೂ 2 ಲಕ್ಷ ರೂ. ಬರುತ್ತದೆ. ಕಂತು ಮೊದಲು ವರ್ಷಕ್ಕೆ 330 ರೂ. ಇತ್ತು, 2022ರ ಜೂನ್ 1ರಿಂದ 436 ರೂ. ಆಯಿತು. ಸೇರಲು ವಯಸ್ಸು 18ರಿಂದ 50, ರಕ್ಷಣೆ 55ರವರೆಗೆ ಮಾತ್ರ. ಈ 55 ಎಂಬ ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ. ಜೊತೆಗಿರುವ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂ., 70 ವರ್ಷದವರೆಗೆ, ಆದರೆ ಅಪಘಾತಕ್ಕೆ ಮಾತ್ರ. ಎರಡರದೂ ವರ್ಷ ಜೂನ್ 1ರಿಂದ ಮೇ 31. ಆ ಹೊತ್ತಿಗೆ ಬ್ಯಾಂಕ್ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ಕಟಾವಾಗುವುದಿಲ್ಲ, ವಿಮೆ ನಿಂತುಹೋಗುತ್ತದೆ. ಜೀವನ್ ಜ್ಯೋತಿಗೆ ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತದ ಸಾವನ್ನು ಬಿಟ್ಟು ಬೇರೆ ಸಾವಿಗೆ ಹಣವಿಲ್ಲ. ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋದ ಕುಟುಂಬಗಳು ಎಡವುವುದು ಇಲ್ಲಿಯೇ. ಖಾತೆ ಊರಿನ ಬ್ಯಾಂಕಿನಲ್ಲಿ, ದುಡಿಮೆ ದೂರದ ಊರಿನಲ್ಲಿ.

ಗ್ರಾಮೀಣ ಅಂಚೆ ಜೀವವಿಮೆ 1995ರ ಮಾರ್ಚ್ 24ರಂದು ಬಂತು. ಅದರ ಗ್ರಾಮ ಸುರಕ್ಷಾ ಪಾಲಿಸಿ ಅಂತ್ಯವೆಚ್ಚದ ವಿಮೆಗೆ ತುಂಬಾ ಹತ್ತಿರದ್ದು. 19ರಿಂದ 55 ವಯಸ್ಸಿನೊಳಗೆ ಸೇರಿ, 55, 58 ಅಥವಾ 60 ವರ್ಷಕ್ಕೆ ಕಂತು ಮುಗಿಸಿದರೆ, 80 ವರ್ಷ ತುಂಬಿದಾಗ ಅಥವಾ ಅದಕ್ಕೆ ಮುಂಚೆ ಸತ್ತಾಗ ಹಣ ಬರುತ್ತದೆ. ಎಲ್‌ಐಸಿಯ ಜೀವನ್ ಆನಂದ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅವಧಿ ಮುಗಿದಾಗ ಮೊತ್ತ ಮತ್ತು ಬೋನಸ್ ಕೈಗೆ ಬಂದ ಮೇಲೂ ಜೀವರಕ್ಷಣೆ ಉಳಿಯುತ್ತದೆ, ಕಂತು ಮಾತ್ರ ಇರುವುದಿಲ್ಲ. ಮುಂದೆ ಎಂದು ಸತ್ತರೂ ವಿಮಾ ಮೊತ್ತ ಮತ್ತೊಮ್ಮೆ ನಾಮಿನಿಗೆ ಸೇರುತ್ತದೆ. ದುಡ್ಡು ಬಂತಲ್ಲ, ಇನ್ನು ಈ ಕಾಗದವೇಕೆ ಎಂದು ಬಾಂಡನ್ನು ಬಿಸಾಡಿದರೆ ಕಟ್ಟಿಮುಗಿಸಿದ ಮಣ್ಣಿನ ಖರ್ಚನ್ನೇ ಬಿಸಾಡಿದಂತೆ. ಅಪ್ಪ ಅವ್ವನ ಹೆಸರಿನಲ್ಲಿ ಜೀವನ್ ಆನಂದ್ ಇತ್ತೇ ಎಂದು ಮಕ್ಕಳು ಒಮ್ಮೆ ಟ್ರಂಕು ತೆರೆದು ನೋಡುವುದು ಒಳ್ಳೆಯದು.

ವಿಮೆಯಲ್ಲದ ನೆರವುಗಳೂ ಉಂಟು. ಬಡತನರೇಖೆಯ ಕೆಳಗಿನ ಕುಟುಂಬದ ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನೊಳಗೆ ಸತ್ತರೆ ರಾಷ್ಟ್ರೀಯ ಕುಟುಂಬ ಸಹಾಯಧನ ಯೋಜನೆಯಲ್ಲಿ 20 ಸಾವಿರ ರೂ. ಇದೆ. ರಾಜ್ಯದ ಅಂತ್ಯಸಂಸ್ಕಾರ ಸಹಾಯಧನ 5 ಸಾವಿರ ರೂ. ಎಂದು ನಿಗದಿಯಾಗಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಚಾಲ್ತಿಯಲ್ಲಿದ್ದವರ ಮನೆಯವರಿಗೆ ಅಂತ್ಯಕ್ರಿಯೆಯ ವೆಚ್ಚ ಮತ್ತು ಪರಿಹಾರ ಎರಡೂ ಉಂಟು. ನೌಕರರ ರಾಜ್ಯ ವಿಮೆ (ಇಎಸ್‌ಐ) ಇದ್ದ ಕಾರ್ಮಿಕ ಸತ್ತರೆ ಸಂಸ್ಕಾರಕ್ಕೆ 15 ಸಾವಿರ ರೂ.ವರೆಗೆ ಸಿಗುತ್ತದೆ. ಸ್ವಸಹಾಯ ಸಂಘದ ಸಾಲದ ಜೊತೆ ಹಿಡಿದ ವಿಮೆಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು. ಅದು ಸಾಲ ಕೊಟ್ಟವರ ಹಣಕ್ಕೆ ರಕ್ಷಣೆ, ಸಾಲ ತೀರಿದ ದಿನ ಅದೂ ತೀರುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ಮಾತನ್ನು ಮುಚ್ಚಿಡಬಾರದು. ಮಣ್ಣಿಗೆ ಬಂದವರು ಕೂತಿರುವಾಗ ಯಾವ ವಿಮೆಯ ಹಣವೂ ಬರುವುದಿಲ್ಲ. ಕುಣಿ ತೋಡಿದವರಿಗೆ, ಹೂವಿಗೆ, ಬಜಂತ್ರಿಗೆ, ಮೂರನೆಯ ದಿನದ ಊಟಕ್ಕೆ ಅಂದೇ ನಗದು ಬೇಕು. ಬಹುಪಾಲು ಮನೆಗಳಲ್ಲಿ ಅದು ಕೈಗಡವೇ. ವಿಮೆಯ ಹಣ ಆ ಸಾಲದ ಬಡ್ಡಿ ಬೆಳೆಯದಂತೆ ತಡೆಯುತ್ತದೆ, ಅಷ್ಟೆ. ಹಾಗಾಗಿ ಹಣ ಎಷ್ಟು ಬೇಗ ಕೈಸೇರುತ್ತದೆ ಎಂಬುದು ಎಷ್ಟು ಬರುತ್ತದೆ ಎಂಬಷ್ಟೇ ಮುಖ್ಯ. ಹಳೆಯ ಪಾಲಿಸಿಯ ಬಲ ಇರುವುದೂ ಅಲ್ಲಿಯೇ.

ಮೂರು ವರ್ಷದ ಗೆರೆ

1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ, ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೊದಲು ಎರಡು ವರ್ಷವಿದ್ದದ್ದನ್ನು 2015ರ ತಿದ್ದುಪಡಿ ಮೂರು ಮಾಡಿತು, ಆದರೆ ಆಮೇಲೆ ಕದ ಪೂರ್ತಿ ಮುಚ್ಚುವಂತೆಯೂ ಮಾಡಿತು. ಮೂರು ವರ್ಷದೊಳಗೆ ಸತ್ತರೆ ಕಥೆ ಬೇರೆ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಬರೆದಿದ್ದರೇ, ರಕ್ತದೊತ್ತಡದ ಗುಳಿಗೆ ಮುಚ್ಚಿಟ್ಟಿದ್ದರೇ ಎಂದು ವಿಚಾರಣೆ ನಡೆಯುತ್ತದೆ, ಆಸ್ಪತ್ರೆಯ ಚೀಟಿಗಳನ್ನು ಕೇಳುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ವಿಚಾರಣೆ ಬೇಡದ ಸಾವಿನ ಕ್ಲೇಮಿಗೆ 15 ದಿನ, ವಿಚಾರಣೆ ಬೇಕಾದದ್ದಕ್ಕೆ 45 ದಿನ ಗಡುವು ಕೊಟ್ಟಿದೆ. ಹದಿನೈದಕ್ಕೂ ನಲವತ್ತೈದಕ್ಕೂ ನಡುವಿನ ಆ ಒಂದು ತಿಂಗಳ ಬಡ್ಡಿಯನ್ನು ಕಟ್ಟುವವರು ಮನೆಯವರೇ.

ಹನ್ನೆರಡು ವರ್ಷ ಕಂತು ತುಂಬಿದವರು ಈ ಗೆರೆಯನ್ನು ದಾಟಿ ಒಂಬತ್ತು ವರ್ಷವಾಗಿರುತ್ತದೆ. ಪಾಲಿಸಿ ಬದಲಿಸಿದ ದಿನ ಅವರು ಮತ್ತೆ ಗೆರೆಯ ಈಚೆಗೆ ಬಂದು ನಿಲ್ಲುತ್ತಾರೆ, ಅದೂ ವಯಸ್ಸು ಹೆಚ್ಚಿ, ಒಂದೆರಡು ಕಾಯಿಲೆ ಅಂಟಿಕೊಂಡ ಮೇಲೆ. ಆತ್ಮಹತ್ಯೆಯ ಸಾವಿಗೆ ಪೂರ್ತಿ ಮೊತ್ತ ಕೊಡದ ಮೊದಲ 12 ತಿಂಗಳ ಷರತ್ತೂ ಹೊಸದಾಗಿ ಶುರುವಾಗುತ್ತದೆ. ಹಳೆಯ ಪಾಲಿಸಿಯ ವಯಸ್ಸೇ ಅದರ ಆಸ್ತಿ ಎಂದು ನಾನು ಹೇಳುವುದು ಇದಕ್ಕಾಗಿ. ಹೊಸ ಪಾಲಿಸಿಯ ಮೊತ್ತ ದೊಡ್ಡದಿರಬಹುದು, ಕಂತು ಕಡಿಮೆ ಎಂದೂ ತೋರಬಹುದು, ಆದರೆ ಈ ವಯಸ್ಸನ್ನು ಅದು ದುಡ್ಡಿಗೆ ಕೊಡಲಾರದು.

ಅಮೆರಿಕದಲ್ಲೂ ಇದೇ ಪಾಠ. ಅಲ್ಲಿ 2023ರಲ್ಲಿ ದರ್ಶನ ಸಹಿತ ಹೂಳುವ ಸಂಸ್ಕಾರದ ಮಧ್ಯಮ ವೆಚ್ಚ 8,300 ಡಾಲರ್ ಎಂದು ಅಲ್ಲಿನ ಶವಸಂಸ್ಕಾರ ನಿರ್ದೇಶಕರ ಸಂಘ ಲೆಕ್ಕ ಹಾಕಿತು. ಈ ಖರ್ಚಿಗೆಂದು ಮುದುಕರಿಗೆ ವೈದ್ಯಕೀಯ ತಪಾಸಣೆಯಿಲ್ಲದೆ ಮಾರುವ ಸಣ್ಣ ಪಾಲಿಸಿಗಳು ಬಹಳ. ಅವುಗಳಲ್ಲಿ ಹಲವು ಮೊದಲ ಎರಡು ಮೂರು ವರ್ಷದೊಳಗೆ ಸಹಜ ಸಾವಾದರೆ ಕಟ್ಟಿದ ಕಂತನ್ನು ಸ್ವಲ್ಪ ಬಡ್ಡಿಯೊಡನೆ ವಾಪಸು ಕೊಡುತ್ತವೆ, ಪೂರ್ತಿ ಮೊತ್ತವನ್ನಲ್ಲ. ಸುಳ್ಳು ಹೋಲಿಕೆ ತೋರಿಸಿ ಹಳೆಯದನ್ನು ಬಿಡಿಸುವುದಕ್ಕೆ ಅಲ್ಲಿ ‘ಟ್ವಿಸ್ಟಿಂಗ್’ ಎಂಬ ಹೆಸರೇ ಇದೆ, ಅದು ಅಪರಾಧ.

ಒಂದು ಲೆಕ್ಕ

ಮಾತಿಗಿಂತ ಲೆಕ್ಕ ಸ್ಪಷ್ಟ. ರಂಗಂಪೇಟೆಯಲ್ಲಿ ಹೊಲಿಗೆ ಯಂತ್ರ ತುಳಿಯುವ 56 ವರ್ಷದ ಹೆಂಗಸು ಒಬ್ಬಳು ಇದ್ದಾಳೆ ಎಂದುಕೊಳ್ಳೋಣ. ಅವಳದು 50 ಸಾವಿರ ರೂ.ಗೆ, ಅವಧಿ ಮುಗಿದಾಗಲೂ ಮುಂಚೆ ಸತ್ತರೂ ಹಣ ಬರುವ 20 ವರ್ಷದ ಎಂಡೋಮೆಂಟ್ ಪಾಲಿಸಿ. ವರ್ಷಕ್ಕೆ 2,500 ರೂ.ನಂತೆ 12 ವರ್ಷ ತುಂಬಿದ್ದಾಳೆ, ಒಟ್ಟು 30 ಸಾವಿರ. ಸಾವಿರಕ್ಕೆ 40 ರೂ.ನಂತೆ ಬೋನಸ್ ಬಿದ್ದಿದೆ ಎಂದರೆ ವರ್ಷಕ್ಕೆ 2 ಸಾವಿರ, 12 ವರ್ಷಕ್ಕೆ 24 ಸಾವಿರ. ಇವೆಲ್ಲ ಲೆಕ್ಕಕ್ಕಾಗಿ ಇಟ್ಟ ಅಂಕಿಗಳು, ನಿಜವಾದವು ಆಯಾ ಬಾಂಡಿನಲ್ಲೂ ಶಾಖೆಯಲ್ಲೂ ಸಿಗುತ್ತವೆ.

ಪಾಲಿಸಿ ಚಾಲ್ತಿಯಲ್ಲಿರುವಾಗ ಅವಳು ಸತ್ತರೆ ಮನೆಗೆ 50 ಸಾವಿರ ಮತ್ತು 24 ಸಾವಿರ, ಒಟ್ಟು 74 ಸಾವಿರ ಬರುತ್ತದೆ.

ಸರೆಂಡರ್ ಮಾಡಿದರೆ, ಅಂದರೆ ಮುರಿಸಿದರೆ? ಮೊದಲು ತುಂಬಿದ ಕಂತುಗಳಿಗೆ ತಕ್ಕಂತೆ ಇಳಿಸಿದ ಮೊತ್ತವನ್ನು, ಅಂದರೆ ಪೇಡ್‌ಅಪ್ ಮೌಲ್ಯವನ್ನು, ಲೆಕ್ಕ ಹಾಕುತ್ತಾರೆ. 20 ಕಂತಿನಲ್ಲಿ 12 ತುಂಬಿದ್ದರಿಂದ 50 ಸಾವಿರದ ಇಪ್ಪತ್ತರಲ್ಲಿ ಹನ್ನೆರಡು ಪಾಲು, ಅಂದರೆ 30 ಸಾವಿರ. ಬೋನಸ್ ಸೇರಿ 54 ಸಾವಿರ. ಆದರೆ ಇದು ಅವಧಿ ಮುಗಿದಾಗ ಬರುವ ಹಣ. ಇಂದೇ ಬೇಕೆಂದರೆ ಅದನ್ನು ಒಂದು ಗುಣಕದಿಂದ ಇಳಿಸುತ್ತಾರೆ. ಗುಣಕ ಅರ್ಧ ಎಂದಿಟ್ಟುಕೊಂಡರೆ ಕೈಗೆ ಬರುವುದು 27 ಸಾವಿರ, ತುಂಬಿದ್ದಕ್ಕಿಂತ 3 ಸಾವಿರ ಕಡಿಮೆ. 74 ಸಾವಿರದ ರಕ್ಷಣೆ ಆ ದಿನವೇ ಹೋಯಿತು. ಜೀವನ್ ಜ್ಯೋತಿಗೆ ಸೇರೋಣವೆಂದರೆ ವಯಸ್ಸು 50 ದಾಟಿದೆ. ಗ್ರಾಮ ಸುರಕ್ಷಾಕ್ಕೆ 55 ದಾಟಿದೆ. ಖಾಸಗಿ ಪಾಲಿಸಿಯ ಕಂತು 44ನೇ ವಯಸ್ಸಿನ ದರದಲ್ಲಿ ಸಿಗುವುದಿಲ್ಲ.

ಈಗ ಸರೆಂಡರಿನ ಬದಲು ಪಾಲಿಸಿಯ ಮೇಲೆ ಸಾಲ ಎತ್ತಿದರೆ ಏನಾಗುತ್ತದೆ ನೋಡಿ. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ಶೇ 90ರವರೆಗೆ ಸಾಲ ಸಿಗುತ್ತದೆ. 27 ಸಾವಿರದ ಶೇ 90 ಎಂದರೆ 24,300 ರೂ. ಮುರಿಸಿದರೆ ಬರುವುದಕ್ಕೂ ಇದಕ್ಕೂ ಅಂತರ ಕೇವಲ 2,700 ರೂ. ಕಂತು ತುಂಬುತ್ತ, ಬಡ್ಡಿ ಕಟ್ಟುತ್ತ ಹೋದರೆ ರಕ್ಷಣೆಯೂ ಉಳಿಯುತ್ತದೆ. ಸತ್ತರೆ 74 ಸಾವಿರದಲ್ಲಿ ಸಾಲ ಮತ್ತು ಬಾಕಿ ಬಡ್ಡಿ ಕಳೆದು ಉಳಿದದ್ದು ಮನೆಗೆ. ದುಡ್ಡಿನ ಅಡಚಣೆಗೆಂದೇ ಪಾಲಿಸಿ ಮುರಿಸುವವರು ಈ ಲೆಕ್ಕವನ್ನು ಒಮ್ಮೆ ಶಾಖೆಯಲ್ಲಿ ಬರೆಸಿಕೊಂಡು ನೋಡಿದರೆ ಬಹಳ ಬಾಂಡುಗಳು ಉಳಿಯುತ್ತವೆ.

ಕಂತು ತುಂಬಲಾಗದಿದ್ದರೂ ಮುರಿಸುವುದು ಕೊನೆಯ ದಾರಿ. ಪೇಡ್‌ಅಪ್ ಮಾಡಿ ಬಿಟ್ಟರೆ ಕಡಿಮೆ ಮೊತ್ತದ ರಕ್ಷಣೆ ಕಂತಿಲ್ಲದೆ ನಡೆಯುತ್ತದೆ. ಬಂದ್ ಬಿದ್ದ ಪಾಲಿಸಿಯನ್ನು ಮೊದಲ ಬಾಕಿ ಕಂತಿನಿಂದ ಐದು ವರ್ಷದೊಳಗೆ ಮತ್ತೆ ಚಾಲೂ ಮಾಡಬಹುದು, ಷೇರುಪೇಟೆಗೆ ಹೊಂದಿಕೊಂಡ ಪಾಲಿಸಿಗೆ ಮೂರು ವರ್ಷ. ಆದರೆ ಹಾಗೆ ಚಾಲೂ ಮಾಡಿದರೆ 45ನೇ ಕಲಮಿನ ಮೂರು ವರ್ಷ ಆ ದಿನಾಂಕದಿಂದ ಹೊಸದಾಗಿ ಎಣಿಕೆಯಾಗುತ್ತದೆ, ಆರೋಗ್ಯದ ಹೇಳಿಕೆಯಲ್ಲಿ ಸುಳ್ಳು ಇರಬಾರದು. ಎಲ್‌ಐಸಿಯ ಹಳೆಯ ಹಲವು ಯೋಜನೆಗಳಲ್ಲಿ ಮೂರು ವರ್ಷ ಕಂತು ತುಂಬಿದ್ದರೆ, ಕಂತು ತಪ್ಪಿದ ಆರು ತಿಂಗಳೊಳಗೆ ಸತ್ತರೂ ಬಾಕಿ ಕಂತು ಮುರಿದುಕೊಂಡು ಪೂರ್ತಿ ಮೊತ್ತ ಕೊಡುವ ರಿಯಾಯಿತಿ ಇದೆ. ಐದು ವರ್ಷ ತುಂಬಿದ್ದರೆ ಅದು ಒಂದು ವರ್ಷ. ಬಂದ್ ಬಿದ್ದಿದೆ, ಏನೂ ಬರುವುದಿಲ್ಲ ಎಂದು ಮನೆಯವರು ಕೈಚೆಲ್ಲುವ ಮೊದಲು ದಿನಾಂಕಗಳನ್ನು ಎಣಿಸಬೇಕು.

ಬದಲಿಸುವುದು ಸರಿಯಾಗುವ ಸಂದರ್ಭ

ಎಲ್ಲ ಹಳೆಯ ಪಾಲಿಸಿಯೂ ಚಿನ್ನವಲ್ಲ. ವರ್ಷಕ್ಕೆ 30 ಸಾವಿರ ಕಂತಿನ ಹೂಡಿಕೆ ಪಾಲಿಸಿಯನ್ನು ತೊಗರಿ ಮಾರಿದ ಹಣ ಕೈಯಲ್ಲಿದ್ದ ವಾರ ಯಾರೋ ಹಚ್ಚಿ ಹೋಗಿದ್ದರೆ, ಮರುವರ್ಷ ಬೆಳೆ ಹೋದಾಗ ಅದು ನಿಲ್ಲದು. ಪಾಲಿಸಿ ಕೈಗೆ ಬಂದ 30 ದಿನದೊಳಗಾದರೆ ಫ್ರೀ ಲುಕ್ ನಿಯಮದಂತೆ ವಾಪಸು ಕೊಡಬಹುದು, ಸಣ್ಣ ಕಡಿತದೊಂದಿಗೆ ಹಣ ಬರುತ್ತದೆ. ಆ ಅವಧಿ ದಾಟಿದ್ದರೆ, 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಹೊಸ ಪಾಲಿಸಿಗಳಲ್ಲಿ ಒಂದು ವರ್ಷದ ಪೂರ್ತಿ ಕಂತು ತುಂಬಿದ್ದರೂ ಸರೆಂಡರ್ ಮೌಲ್ಯ ಹುಟ್ಟುತ್ತದೆ. ಅದಕ್ಕೆ ಮುಂಚೆ ಎರಡು ವರ್ಷ ಬೇಕಿತ್ತು. 30 ವರ್ಷದ ಆರೋಗ್ಯವಂತ ಗಂಡಸು, ಎರಡು ವರ್ಷದ ಹಿಂದಿನ ದುಬಾರಿ ಪಾಲಿಸಿ, ಅದರ ಜಾಗದಲ್ಲಿ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಹೆಚ್ಚು ಮೊತ್ತದ ಟರ್ಮ್ ವಿಮೆ: ಇಲ್ಲಿ ಬದಲಾವಣೆ ಸರಿ. ಕಳೆದುಕೊಳ್ಳುವ ವಯಸ್ಸು ಕಡಿಮೆ, ಮುಂದೆ ದಾಟಬೇಕಾದ ಗೆರೆಗೆ ಆಯುಷ್ಯ ಸಾಕಷ್ಟಿದೆ.

50ರೊಳಗಿನವರಿಗೆ ಹಳೆಯದನ್ನು ಇಟ್ಟುಕೊಂಡೇ 436 ರೂ.ಗೆ ಜೀವನ್ ಜ್ಯೋತಿ ಸೇರಿಸುವುದು ಬದಲಿಸುವುದಕ್ಕಿಂತ ಎಷ್ಟೋ ಮೇಲು. ಆದರೆ 55ಕ್ಕೆ ಅದು ಬಿಟ್ಟುಹೋಗುತ್ತದೆ. ಹಳೆಯದನ್ನು ಮುರಿಸಿ ಇದೊಂದನ್ನೇ ನೆಚ್ಚಿದವರು ಸಾವು ಹತ್ತಿರವಾಗುವ ವಯಸ್ಸಿನಲ್ಲಿಯೇ ಬರಿಗೈಯಾಗುತ್ತಾರೆ.

ನಾಮಿನಿ ಸತ್ತುಹೋಗಿದ್ದಾರೆ, ವಿಳಾಸ ಬದಲಾಗಿದೆ, ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದುವುದಿಲ್ಲ ಎಂಬವು ಪಾಲಿಸಿ ಬದಲಿಸಲು ಕಾರಣಗಳೇ ಅಲ್ಲ. ಅವನ್ನು ಶಾಖೆಯಲ್ಲಿ ಅರ್ಜಿ ಕೊಟ್ಟು ತಿದ್ದಿಸಬೇಕು. ಜಿಎಸ್‌ಟಿ ಹೋಯಿತು, ಹೊಸದು ಅಗ್ಗ ಎಂಬ ಮಾತೂ ಅರ್ಧಸತ್ಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲದಿರುವುದು ಹಳೆಯ ಪಾಲಿಸಿಯ ಮುಂದಿನ ಕಂತಿಗೂ ಅನ್ವಯಿಸುತ್ತದೆ.

ಬದಲಿಸಿ ಎನ್ನುವವರು ಯಾರು

ಏಜೆಂಟರಿಗೆ ಮೊದಲ ವರ್ಷದ ಕಂತಿನ ಮೇಲಿನ ಕಮಿಷನ್ ಮುಂದಿನ ವರ್ಷಗಳದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಹೊಸ ಪಾಲಿಸಿಯ ಸಲಹೆಯಲ್ಲಿ ಈ ಎಳೆತ ಇದ್ದೇ ಇರುತ್ತದೆ. ಅದನ್ನು ತಿಳಿದೇ ನಿಯಂತ್ರಣ ಪ್ರಾಧಿಕಾರವು ಏಜೆಂಟರ ನಡತೆಯ ನಿಯಮದಲ್ಲಿ, ಪಾಲಿಸಿ ಮುರಿಯುವಂತೆ ಒತ್ತಾಯಿಸಿ ಮೂರು ವರ್ಷದೊಳಗೆ ತನ್ನ ಮೂಲಕ ಹೊಸದನ್ನು ಮಾಡಿಸುವುದನ್ನು ನಿಷೇಧಿಸಿದೆ. ಸತ್ತವರ ಮನೆಗೆ ಬಂದ ಹಣದಲ್ಲಿ ಪಾಲು ಕೇಳುವುದೂ ಅದೇ ನಿಯಮದಂತೆ ತಪ್ಪು. ಊರಿನಲ್ಲಿ ಇಪ್ಪತ್ತು ವರ್ಷದಿಂದ ಕಂತು ನೆನಪಿಸುತ್ತ, ಕ್ಲೇಮಿನ ಕಾಗದ ತಾವೇ ತುಂಬಿಕೊಡುವ ಪ್ರಾಮಾಣಿಕ ಏಜೆಂಟರಿದ್ದಾರೆ. ಅಂಥವರು ಹಳೆಯದನ್ನು ಮುರಿಸಿ ಎನ್ನುವುದು ಅಪರೂಪ.

ಫೋನಿನಲ್ಲಿ ಬರುವವರ ಬಗೆ ಬೇರೆ. ನಿಮ್ಮ ಹಳೆಯ ಪಾಲಿಸಿಯ ಬೋನಸ್ ತಡೆದಿದೆ, ಹೊಸದೊಂದು ಮಾಡಿಸಿದರೆ ಬಿಡುಗಡೆಯಾಗುತ್ತದೆ, ನಾವು ವಿಮಾ ಪ್ರಾಧಿಕಾರದಿಂದ ಮಾತಾಡುತ್ತಿದ್ದೇವೆ ಎನ್ನುತ್ತಾರೆ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ, ಯಾರಿಗೂ ಹಾಗೆ ಫೋನ್ ಮಾಡುವುದಿಲ್ಲ.

ಕೊನೆಗೂ ಬದಲಿಸುವುದೆಂದು ನಿರ್ಧರಿಸಿದರೆ ಕ್ರಮ ಒಂದೇ. ಹೊಸ ಅರ್ಜಿಯಲ್ಲಿ ಇರುವ ಕಾಯಿಲೆಗಳನ್ನೆಲ್ಲ ತಾವೇ ಹೇಳಿ ಬರೆಸಬೇಕು, ಖಾಲಿ ಫಾರಂಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬಾರದು. ಹೊಸ ಬಾಂಡ್ ಕೈಗೆ ಬಂದು, ಅದರಲ್ಲಿನ ಮೊತ್ತ, ಅವಧಿ, ನಾಮಿನಿಯ ಹೆಸರು ಓದಿಸಿಕೊಂಡ ಮೇಲಷ್ಟೇ ಹಳೆಯದರ ಸರೆಂಡರ್ ಅರ್ಜಿಗೆ ಕೈ ಹಾಕಬೇಕು. ಒಂದೆರಡು ಕಂತು ಎರಡೂ ಕಡೆ ಬೀಳುತ್ತದೆ. ಬೀಳಲಿ. ಎರಡರ ನಡುವೆ ವಿಮೆಯೇ ಇಲ್ಲದ ಒಂದು ದಿನಕ್ಕಿಂತ ಅದು ಅಗ್ಗ.

ಸಾವಿನ ನಂತರ 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ಕ್ಲೇಮಿನ ಅರ್ಧ ಕೆಲಸ ಮುಗಿದಂತೆ. ಯಾರೂ ಕೇಳದ ವಿಮಾ ಹಣ ಹತ್ತು ವರ್ಷದ ಮೇಲೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಆದ್ದರಿಂದ ಬಾಂಡ್ ಎಲ್ಲಿದೆ ಎಂಬುದು ಮನೆಯ ಇಬ್ಬರಿಗಾದರೂ ಗೊತ್ತಿರಲಿ. ಕಂಪನಿ ಕ್ಲೇಮು ತಿರಸ್ಕರಿಸಿದರೆ ಅಥವಾ ಸುಳ್ಳು ಹೇಳಿ ಪಾಲಿಸಿ ಮಾರಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಆಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ಆ ಕಚೇರಿಯ ವ್ಯಾಪ್ತಿಗೆ ಇಡೀ ಕರ್ನಾಟಕ ಬರುತ್ತದೆ. 50 ಲಕ್ಷ ರೂ.ವರೆಗಿನ ತಕರಾರನ್ನು ಅದು ಕೇಳುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಸತ್ತವರ ನಾಮಿನಿಯೇ ದೂರು ಕೊಡಬಹುದು.